ಮನೆಯೊಳಗೆ ಚಪ್ಪಲಿ ಹಾಕಿದ ವರ್ಷ: ನನ್ನ ಹಿಮ್ಮಡಿ ನೋವಿನ ಕಥೆ

2025ರ ಜನವರಿಯ ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದು ಬಲಗಾಲು ನೆಲಕ್ಕೆ ಊರಿದೆ. ಹಿಮ್ಮಡಿಗೆ ಮೊಳೆ ಹೊಡೆದ ಹಾಗಾಯಿತು. ಮಗನ ಜ್ಯಾಮಿಟ್ರಿ ಬಾಕ್ಸಿನ ಕೈವಾರ ತುಳಿದೆ ಅಂದುಕೊಂಡು ಲೈಟ್ ಹಾಕಿ ನೋಡಿದೆ. ನೆಲದ ಮೇಲೆ ಏನೂ ಇರಲಿಲ್ಲ. ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ನೋವು ಅರ್ಧ ಇಳಿಯಿತು. ಹಾಲು ಕಾಯಿಸಿ, ಡಬ್ಬಿ ಕಟ್ಟಿ, ಸೀರೆ ಉಡುವ ಹೊತ್ತಿಗೆ ಮರೆತೇ ಹೋಯಿತು.

ಮೋಸ ಇರುವುದೇ ಅಲ್ಲಿ. ಮರೆತು ಹೋಗುತ್ತದೆ, ಮಾರನೇ ದಿನ ಬೆಳಿಗ್ಗೆ ಮತ್ತೆ ಅದೇ ಮೊಳೆ. ಹೀಗೆ ಐದು ವಾರ ಕಳೆದೆ.

ನನ್ನ ಬಗ್ಗೆ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ವಯಸ್ಸು 44. ಜಯನಗರದ ಕಡೆ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಮನೆ ವಿಜಯನಗರದಲ್ಲಿ, ಎರಡನೇ ಮಹಡಿ, ಲಿಫ್ಟ್ ಇಲ್ಲ. ದಿನಾ ಮೆಟ್ರೋ, ಮೆಜೆಸ್ಟಿಕ್‌ನಲ್ಲಿ ನೇರಳೆ ಲೈನ್ ಇಳಿದು ಹಸಿರು ಲೈನ್ ಹತ್ತಬೇಕು. ಶಾಲೆಯಲ್ಲಿ ಏಳು ಪೀರಿಯಡ್‌ನಲ್ಲಿ ಆರು ನಿಂತೇ ಪಾಠ. ಮನೆಗೆ ಬಂದರೆ ಅಡುಗೆಮನೆಯಲ್ಲಿ ನಿಲ್ಲುವುದು. ಡಿಸೆಂಬರ್‌ನಲ್ಲಿ ಸ್ಕೂಲ್ ಡೇ ಇತ್ತು, ಮೂರು ವಾರ ಮಕ್ಕಳಿಗೆ ಡ್ಯಾನ್ಸ್ ಪ್ರಾಕ್ಟೀಸ್ ಅಂತ ಸಿಮೆಂಟ್ ಅಂಗಳದಲ್ಲಿ ಬೆಳಗಿಂದ ಸಂಜೆವರೆಗೆ, ಅದೂ ಹಾಳೆಯಷ್ಟು ತೆಳ್ಳಗಿನ ಚಪ್ಪಲಿಯಲ್ಲಿ, ನಿಂತಿದ್ದೆ. ತೂಕ 74 ಕೆಜಿ. ಇದಿಷ್ಟನ್ನೂ ಆಮೇಲೆ ಡಾಕ್ಟರ್ ಕೇಳಿ ಕೇಳಿ ಬರೆದುಕೊಂಡರು. ನನಗೆ ಮಾತ್ರ ಅಲ್ಲಿಯವರೆಗೆ ಒಂದಕ್ಕೊಂದು ಸಂಬಂಧ ಇದೆ ಅನ್ನಿಸಿರಲೇ ಇಲ್ಲ.

ಫೆಬ್ರವರಿ ಹೊತ್ತಿಗೆ ನೋವಿಗೆ ಒಂದು ಟೈಮ್ ಟೇಬಲ್ ಬಂದಿತ್ತು. ಬೆಳಗಿನ ಮೊದಲ ಹತ್ತು ಹೆಜ್ಜೆ ಜಾಸ್ತಿ. ಮಧ್ಯಾಹ್ನ ಪರವಾಗಿಲ್ಲ. ಸಂಜೆ ಒಳಗಿಂದ ಕುದಿಯುವ ಥರ. ಎಲ್ಲಕ್ಕಿಂತ ಸಿಟ್ಟು ಬರುತ್ತಿದ್ದದ್ದು ಮೆಟ್ರೋದಲ್ಲಿ. ಸೀಟು ಸಿಕ್ಕಿತಲ್ಲ ಅಂತ ಖುಷಿಯಾಗಿ ಕೂತರೆ ಮೆಜೆಸ್ಟಿಕ್ ಬಂದಾಗ ಏಳಲು ಆಗುತ್ತಿರಲಿಲ್ಲ, ಬಾಗಿಲ ಹತ್ತಿರ ಕುಂಟುತ್ತಾ ಹೋದರೆ ಹಿಂದಿನಿಂದ ಜನ ದಬ್ಬುವುದು, ಒಬ್ಬ ಹುಡುಗ ಅಂತೂ "ಆಂಟಿ, ಬೇಗ" ಅಂದೇಬಿಟ್ಟ.

ಕಾಲು ನೋವು ಅಂದ ತಕ್ಷಣ ಎಲ್ಲರೂ ಡಾಕ್ಟರೇ ಅಲ್ವಾ. ಸ್ಟಾಫ್ ರೂಮಿನಲ್ಲಿ ಒಬ್ಬರು ಯೂರಿಕ್ ಆಸಿಡ್ ಅಂದರು, ಬೇಳೆ ಬಿಡಿ ಅಂದರು. ಇನ್ನೊಬ್ಬರು ವಾಯು ಅಂದರು. ಕೆಳಗಿನ ಮನೆಯವರು ಒಂದು ಮುಲಾಮು ಕೊಟ್ಟರು. ನಮ್ಮ ಅತ್ತೆ ಮಾತ್ರ ಮಾತಾಡದೆ ಕೆಲಸ ಶುರು ಮಾಡಿದರು. ಖಾಲಿ ಸೈಟಿನಿಂದ ಎಕ್ಕದ ಎಲೆ ಕಿತ್ತು ತಂದು, ಇಟ್ಟಿಗೆ ಕಾಯಿಸಿ, ಅದರ ಮೇಲೆ ಎಲೆ ಇಟ್ಟು, ಹಿಮ್ಮಡಿ ಒತ್ತು ಅಂದರು. ಸುಳ್ಳು ಯಾಕೆ ಹೇಳಲಿ, ಹಾಯಾಗಿತ್ತು. ಆ ಬಿಸಿ ಮೀನಖಂಡದವರೆಗೆ ಏರುತ್ತಿತ್ತು, ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಬೆಳಿಗ್ಗೆ ಎದ್ದರೆ ಮೊಳೆ ಅಲ್ಲೇ ಇತ್ತು. ನಾಲ್ಕನೇ ದಿನ ಇಟ್ಟಿಗೆ ಜಾಸ್ತಿ ಕಾದಿದ್ದು ಗೊತ್ತಾಗದೆ ಚರ್ಮ ಸುಟ್ಟುಕೊಂಡೆ, ಅಲ್ಲಿಗೆ ಅದು ನಿಂತಿತು. ಶುಗರ್ ಇದ್ದು ಪಾದದ ಸ್ಪರ್ಶ ಕಮ್ಮಿಯಾಗಿರುವವರು ಇದರ ಹತ್ತಿರ ಹೋಗಲೇಬೇಡಿ. ಎಕ್ಕದ ಹಾಲು ಕಣ್ಣಿಗೆ ತಾಗಿದರೂ ಅಪಾಯ.

ಮೊದಲ ಡಾಕ್ಟರ್ ಹತ್ತಿರ ಹೋದದ್ದು ಫೆಬ್ರವರಿ ಕೊನೆಯ ಶನಿವಾರ. ದೊಡ್ಡ ಆಸ್ಪತ್ರೆ, ಹೆಸರು ಬೇಡ. ಹತ್ತೂವರೆಗೆ ಅಪಾಯಿಂಟ್‌ಮೆಂಟ್ ಅಂತ ಮೆಸೇಜ್ ಬಂದಿತ್ತು. ಹೋಗಿ ನೋಡಿದರೆ ಟೋಕನ್ 27, ಒಳಗೆ ಹೋಗಿದ್ದವರು 9. ಕೂತು ಕೂತು ಎದ್ದಾಗಲೆಲ್ಲ ಮತ್ತೆ ಮೊದಲ ಹೆಜ್ಜೆಯ ನೋವು. ಕಾಲು ನೋವಿನವರನ್ನು ಎರಡು ಗಂಟೆ ಕಾಯಿಸಿ, ಎಕ್ಸ್‌ರೇಗೆ ಇನ್ನೊಂದು ಬ್ಲಾಕಿಗೆ ನಡೆಸಿ, ಮತ್ತೆ ವಾಪಸ್ ಕರೆಸುವ ವ್ಯವಸ್ಥೆ ಮಾಡಿದವರಿಗೆ ಒಂದು ದಿನ ಹಿಮ್ಮಡಿ ನೋವು ಬರಲಿ ಅಂತ ಅನ್ನಿಸಿತು. ಒಳಗೆ ಸಿಕ್ಕಿದ್ದು ನಾಲ್ಕು ನಿಮಿಷ. ಡಾಕ್ಟರ್ ಕಾಲು ಮುಟ್ಟಲಿಲ್ಲ. ಎಕ್ಸ್‌ರೇ ಬೆಳಕಿಗೆ ಹಿಡಿದು, "ಮೂಳೆ ಬೆಳೆದಿದೆ ನೋಡಿ, ಇಲ್ಲಿ ಮುಳ್ಳು ಥರ," ಅಂದರು. ಹತ್ತು ದಿನಕ್ಕೆ ನೋವಿನ ಮಾತ್ರೆ, ಒಂದಿಷ್ಟು ರಕ್ತಪರೀಕ್ಷೆ, ಕಮ್ಮಿಯಾಗದಿದ್ದರೆ ಬನ್ನಿ, ಇಂಜೆಕ್ಷನ್ ಕೊಡೋಣ ಅಂದರು.

ಮೂಳೆ ಬೆಳೆದಿದೆ ಅನ್ನುವ ಮಾತು ನನ್ನನ್ನು ಹೇಗೆ ಹೆದರಿಸಿತು ಅಂದರೆ, ಆ ರಾತ್ರಿ ಕಣ್ಣು ಮುಚ್ಚಿದರೆ ಹಿಮ್ಮಡಿಯೊಳಗೆ ಗುಲಾಬಿ ಮುಳ್ಳು ಬೆಳೆಯುತ್ತಿರುವುದೇ ಕಾಣಿಸುತ್ತಿತ್ತು. ಆಪರೇಷನ್ ಆಗಬಹುದು ಅಂತ ಮನೆಯವರ ಹತ್ತಿರ ಅತ್ತೂ ಆಯಿತು. ಮಾತ್ರೆ ನುಂಗಿದ ದಿನ ಆರಾಮ, ಬಿಟ್ಟ ದಿನ ಮತ್ತೆ ಅದೇ. ಆರನೇ ದಿನಕ್ಕೆ ಹೊಟ್ಟೆ ಉರಿ ಶುರುವಾಯಿತು, ನಿಲ್ಲಿಸಿದೆ. ರಕ್ತಪರೀಕ್ಷೆಯಲ್ಲಿ ಯೂರಿಕ್ ಆಸಿಡ್ ಸರಿಯಾಗಿತ್ತು, ಥೈರಾಯ್ಡ್ ಸರಿ, ಶುಗರ್ ಸರಿ. ವಿಟಮಿನ್ ಡಿ ಮಾತ್ರ ಕಮ್ಮಿ. ಬಿಟ್ಟಿದ್ದ ಬೇಳೆಯನ್ನು ಅವತ್ತೇ ಮತ್ತೆ ಶುರು ಮಾಡಿದೆ.

ಎರಡನೇ ಡಾಕ್ಟರ್ ಸಿಕ್ಕಿದ್ದು ಶಾಲೆಯ ಆಯಾ ಹೇಳಿದ್ದರಿಂದ. ಸಣ್ಣ ಕ್ಲಿನಿಕ್, ಹಳೇ ಮರದ ಬೆಂಚು, ಫೀಸ್ 600 ರೂ. ವಯಸ್ಸಾದ ಮೂಳೆ ಡಾಕ್ಟರ್. ಅವರು ಮಾಡಿದ್ದನ್ನು ಹಂತ ಹಂತವಾಗಿ ಬರೆಯುತ್ತೇನೆ. ನಿಮ್ಮ ಡಾಕ್ಟರ್ ಇದರಲ್ಲಿ ಒಂದನ್ನೂ ಮಾಡದಿದ್ದರೆ ಇನ್ನೊಬ್ಬರ ಹತ್ತಿರ ಹೋಗಿ ಅನ್ನುವುದು ನನ್ನ ಅಭಿಪ್ರಾಯ. ಮೊದಲು ಕಾಲಿನ ಬೆರಳುಗಳನ್ನು ಹಿಂದಕ್ಕೆ ಬಗ್ಗಿಸಿ, ಹಿಮ್ಮಡಿಯ ಒಳಬದಿಗೆ, ಅಂಗಾಲಿನ ಕಮಾನು ಶುರುವಾಗುವ ಜಾಗದಲ್ಲಿ, ಹೆಬ್ಬೆರಳಿನಿಂದ ಒತ್ತಿದರು. ನಾನು ಕುರ್ಚಿಯಿಂದ ಅರ್ಧ ಎದ್ದೆ. ಆಮೇಲೆ ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಹಿಂಡಿದರು, ಏನೂ ನೋಯಲಿಲ್ಲ. ಮೂಳೆಯಲ್ಲಿ ಸೀಳು ಬಿಟ್ಟಿದ್ದರೆ ಹೀಗೆ ಹಿಂಡಿದಾಗ ಪ್ರಾಣ ಹೋಗುತ್ತದಂತೆ. ಕಣಕಾಲಿನ ಪಕ್ಕ ಬೆರಳಿನಿಂದ ತಟ್ಟಿ, ಜುಮ್ ಅನ್ನುತ್ತಾ ಅಂತ ಕೇಳಿದರು, ಅದು ನರದ ಪರೀಕ್ಷೆ. ಬೆಳಿಗ್ಗೆ ಸೊಂಟ ಬಿಗಿಯುತ್ತಾ, ಎರಡೂ ಕಾಲು ನೋಯುತ್ತಾ ಅಂತಲೂ ಕೇಳಿದರು. ಕೊನೆಗೆ ನನ್ನ ಚಪ್ಪಲಿ ಕೈಗೆ ತೆಗೆದುಕೊಂಡರು. ನನಗೆ ನಾಚಿಕೆ. ಅವರು ಅದನ್ನು ಎರಡು ತುದಿ ಹಿಡಿದು ಬಗ್ಗಿಸಿದರು. ಒಣಗಿದ ರೊಟ್ಟಿ ಮಡಚಿದ ಹಾಗೆ ಮಧ್ಯಕ್ಕೆ ಮಡಚಿಕೊಂಡಿತು. "ಕಾಯಿಲೆ ಇಲ್ಲಿದೆ," ಅಂದರು.

ಅವರು ವಿವರಿಸಿದ್ದು ಹೀಗೆ. ಪಾದ ಒಂದು ಬಿಲ್ಲು. ಹಿಮ್ಮಡಿ ಮೂಳೆಯಿಂದ ಬೆರಳಿನ ಬುಡದವರೆಗೆ ಅಂಗಾಲಿನಲ್ಲಿ ಒಂದು ದಪ್ಪ ಪಟ್ಟಿ ಇದೆ, ಅದು ಹೆದೆ. ಇಂಗ್ಲಿಷಿನವರು ಅದಕ್ಕೆ ಪ್ಲಾಂಟಾರ್ ಫ್ಯಾಸಿಯಾ ಅನ್ನುತ್ತಾರೆ, ನಿಮಗೆ ಬಂದಿರುವುದು ಪ್ಲಾಂಟಾರ್ ಫ್ಯಾಸಿಯೈಟಿಸ್. ದಿನವಿಡೀ ನಿಂತು, ಗಟ್ಟಿ ನೆಲದಲ್ಲಿ ನಡೆದು, ಮೀನಖಂಡ ಬಿಗಿಯಾಗಿ, ಹೆದೆ ಹಿಮ್ಮಡಿಗೆ ಅಂಟಿಕೊಂಡಿರುವ ಜಾಗದಲ್ಲಿ ಸವೆದಿದೆ. ರಾತ್ರಿ ಮಲಗಿದಾಗ ಪಾದ ಕೆಳಕ್ಕೆ ಬಾಗಿರುತ್ತದೆ, ಹೆದೆ ಸಡಿಲವಾಗಿ ಕುಗ್ಗಿರುತ್ತದೆ. ಬೆಳಿಗ್ಗೆ ಪೂರ್ತಿ ಭಾರ ಬಿಟ್ಟು ಒಂದೇ ಸಲ ಎಳೆದರೆ ಚುಚ್ಚದೆ ಏನು ಮಾಡುತ್ತದೆ? ಆ ಮುಳ್ಳಿನ ಬಗ್ಗೆ ಕೇಳಿದೆ. ನಕ್ಕರು. ನೋವೇ ಇಲ್ಲದ ಎಷ್ಟೋ ಜನರ ಎಕ್ಸ್‌ರೇಯಲ್ಲಿ ಅದು ಇರುತ್ತದಂತೆ. ನೋವು ಹೋದ ಮೇಲೂ ಅದು ಅಲ್ಲೇ ಇರುತ್ತದೆ, ಅದನ್ನು ತೆಗೆಯುವ ಅಗತ್ಯ ಇಲ್ಲ ಅಂದರು.

"ಎಷ್ಟು ದಿನದಲ್ಲಿ ಹೋಗುತ್ತೆ ಸರ್?" ಅಂತ ಕೇಳಿದೆ. ಹತ್ತರಲ್ಲಿ ಎಂಟೊಂಬತ್ತು ಜನರಿಗೆ ಆಪರೇಷನ್ ಇಲ್ಲದೆ ಹೋಗುತ್ತದೆ, ಆದರೆ ತಿಂಗಳುಗಟ್ಟಲೆ ಬೇಕು, ವರ್ಷವೂ ಆಗಬಹುದು ಅಂದರು. ಬೇಜಾರಾಯಿತು. ಆದರೆ ಇಷ್ಟು ದಿನದಲ್ಲಿ ನನಗೆ ಯಾರೋ ನಿಜ ಹೇಳಿದ್ದು ಅದೇ ಮೊದಲು.

ಈಗ ಚಪ್ಪಲಿಯ ವಿಷಯ. ಚೀಟಿಯಲ್ಲಿ ಮಾತ್ರೆಯ ಹೆಸರಿಗಿಂತ ಮೇಲೆ ಬರೆದಿದ್ದದ್ದು, ಮನೆಯೊಳಗೆ ಬರಿಗಾಲಲ್ಲಿ ನಡೆಯಬಾರದು ಅಂತ. ಇಷ್ಟು ಸುಲಭವಾದದ್ದು ನಮ್ಮ ಮನೆಯಲ್ಲಿ ಎಷ್ಟು ಕಷ್ಟ ಅಂತ ನಿಮಗೂ ಗೊತ್ತಿರಬೇಕು. ಹೊಸಿಲ ಹೊರಗೆ ಬಿಡುವ ವಸ್ತುವನ್ನು ಒಳಗೆ, ಅದೂ ಅಡುಗೆಮನೆಯೊಳಗೆ, ದೇವರ ಮನೆಯ ಎದುರಿಗೆ! ಅತ್ತೆ ಬಾಯಿ ಬಿಟ್ಟು ಬೇಡ ಅನ್ನಲಿಲ್ಲ. ನಾನು ಟಪ್ ಟಪ್ ಅಂತ ಓಡಾಡಿದಾಗಲೆಲ್ಲ ಟಿವಿ ಸೌಂಡ್ ಸ್ವಲ್ಪ ಜಾಸ್ತಿ ಮಾಡುತ್ತಿದ್ದರು. ಮೊದಲ ವಾರ ನಾನೇ ಸೋತು, ಅವರು ಎದುರಿಗಿದ್ದಾಗ ಬಿಚ್ಚಿಡುತ್ತಿದ್ದೆ. ವಿಟ್ರಿಫೈಡ್ ಟೈಲ್ಸ್ ಅನ್ನುವುದು ಕಲ್ಲಿಗಿಂತ ಕಡೆ. ಹಿಂದಿನ ಬಾಡಿಗೆ ಮನೆಯಲ್ಲಿ ರೆಡ್ ಆಕ್ಸೈಡ್ ನೆಲ ಇತ್ತು, ಅದೇನೂ ಮೆತ್ತಗಿರಲಿಲ್ಲ, ಆಗ ನನ್ನ ವಯಸ್ಸು ಮೆತ್ತಗಿತ್ತು ಅಷ್ಟೇ. ಕೊನೆಗೆ ಒಪ್ಪಂದ ಹೀಗಾಯಿತು: ಹೊರಗೆ ಕಾಲಿಡದ ಹೊಸ ಚಪ್ಪಲಿ, ವಾರಕ್ಕೊಮ್ಮೆ ತೊಳೆಯುವುದು, ದೇವರ ಮನೆಯ ಮುಂದೆ ಬಿಡುವುದು, ಅಲ್ಲಿ ನಿಲ್ಲಲು ಮಗನ ಹಳೇ ಯೋಗ ಮ್ಯಾಟ್ ನಾಲ್ಕು ಮಡಿಕೆ ಮಾಡಿ ಹಾಸುವುದು. ನಿಮ್ಮ ಮನೆಯಲ್ಲೂ ಜಗಳ ಇದ್ದರೆ ಇದನ್ನು ಪ್ರಯತ್ನಿಸಿ.

ಚಪ್ಪಲಿ ಕೊಳ್ಳಲು ಸಂಜೆ ಹೋಗಿ, ಸಂಜೆಗೆ ಪಾದ ಸ್ವಲ್ಪ ಊದಿರುತ್ತದೆ, ಅಳತೆ ಸರಿ ಸಿಗುತ್ತದೆ. ನಾನು ಜಯನಗರ ಫೋರ್ತ್ ಬ್ಲಾಕ್‌ನಲ್ಲಿ ಮೂರು ಅಂಗಡಿ ಹತ್ತಿ ಇಳಿದೆ. ಅಂಗಡಿಯವರು "ಮೇಡಂ, ಡಾಕ್ಟರ್ ಚಪ್ಪಲಿ" ಅಂತ ಎದುರಿಗಿಡುವುದೆಲ್ಲ ಒಂದೇ ಅಲ್ಲ. ಎರಡು ಕೈಯಲ್ಲಿ ಹಿಡಿದು ಬಗ್ಗಿಸಿ. ಬೆರಳಿನ ಬುಡದಲ್ಲಿ ಬಗ್ಗಬೇಕು, ಮಧ್ಯಕ್ಕೆ ಮಡಚಿಕೊಂಡರೆ ವಾಪಸ್ ಇಡಿ. ಬಟ್ಟೆ ಹಿಂಡುವ ಹಾಗೆ ತಿರುಚಿ, ಸುಲಭವಾಗಿ ತಿರುಗಿದರೆ ಅದೂ ಬೇಡ. ಹಿಮ್ಮಡಿ ಬೆರಳಿಗಿಂತ ಸ್ವಲ್ಪ ಎತ್ತರ ಇರಲಿ, ಅಂಗಾಲಿನ ಕಮಾನಿಗೆ ಆಸರೆ ಇರಲಿ. ಹಾಸಿಗೆ ಥರ ಬೆರಳು ಪೂರ್ತಿ ಇಳಿದುಹೋಗುವ ಮೆತ್ತನೆ ಚಪ್ಪಲಿ ನಾನೂ ಮೊದಲು ಒಂದು ನೋಡಿ ಮರುಳಾದೆ. ಅಂಗಡಿಯಲ್ಲೇ ಹತ್ತು ನಿಮಿಷ ಓಡಾಡಿದಾಗ ಕಾಲು ಹೊಯ್ದಾಡುವುದು ಗೊತ್ತಾಯಿತು. ಮನೆಗೆ 1,300 ರೂಪಾಯಿಯದು, ಹೊರಗೆ 1,600 ರೂಪಾಯಿಯದು, ಶಾಲೆಗೆ ಶೂ 3,200. ಸೀರೆಗೆ ಶೂ ಹಾಕಿದ್ದಕ್ಕೆ ಏಳನೇ ಕ್ಲಾಸ್ ಮಕ್ಕಳು ಎರಡು ದಿನ ನಕ್ಕರು, ಮೂರನೇ ದಿನ ಸುಮ್ಮನಾದರು. ಸಿಲಿಕಾನ್ ಹಿಮ್ಮಡಿ ಬಟ್ಟಲು 350 ರೂ., ಅದು ಪರವಾಗಿಲ್ಲ. ರಾತ್ರಿ ಪಾದ ಬಾಗದ ಹಾಗೆ ಕಟ್ಟುವ ಒಂದು ಪಟ್ಟಿ 1,150 ರೂಪಾಯಿಗೆ ಆನ್‌ಲೈನ್‌ನಲ್ಲಿ ತರಿಸಿದೆ. ಕೆಲವರಿಗೆ ಅದರಿಂದ ಗುಣ ಕಾಣುತ್ತದಂತೆ. ನಾನು ಮೂರು ರಾತ್ರಿ ನಿದ್ದೆಗೆಟ್ಟು ಬಿಚ್ಚಿ ಎಸೆದೆ, ನೋಡಿದರೆ ವಾಪಸ್ ಮಾಡುವ ದಿನ ಮುಗಿದಿತ್ತು.

ಫಿಸಿಯೋಥೆರಪಿ ಮಾರ್ಚ್ ಮಧ್ಯದಲ್ಲಿ ಶುರುವಾಯಿತು. ಹತ್ತು ಸಿಟ್ಟಿಂಗ್, ಒಂದಕ್ಕೆ 450 ರೂ. ಮೊದಲ ಕೆಲವು ದಿನ ಅಲ್ಟ್ರಾಸೌಂಡ್ ಮಷಿನ್ ಹಿಡಿದು ಜೆಲ್ ಸವರಿದರು. ನನಗೆ ತಣ್ಣಗಾಯಿತು, ಅಷ್ಟೇ. ನಿಜವಾಗಿ ಉಪಯೋಗಕ್ಕೆ ಬಂದದ್ದು ಅಲ್ಲಿನ ಫಿಸಿಯೋ ಹುಡುಗಿ ಹೇಳಿಕೊಟ್ಟ ಮೂರು ವ್ಯಾಯಾಮ. ಅದಕ್ಕೆ ನಾಲ್ಕು ಸಿಟ್ಟಿಂಗ್ ಸಾಕಾಗಿತ್ತು, ಆಮೇಲೆ ಮನೆಯಲ್ಲೇ ಮಾಡಬಹುದಿತ್ತು.

ಮೊದಲನೆಯದು ಹಾಸಿಗೆಯಿಂದ ಇಳಿಯುವ ಮೊದಲೇ. ನೋಯುವ ಕಾಲನ್ನು ಇನ್ನೊಂದರ ಮಂಡಿ ಮೇಲೆ ಹಾಕಿ, ಬೆರಳುಗಳನ್ನು ಕೈಯಿಂದ ಮೊಣಕಾಲಿನ ಕಡೆಗೆ ಎಳೆಯಬೇಕು. ಇನ್ನೊಂದು ಕೈಯ ಹೆಬ್ಬೆರಳನ್ನು ಅಂಗಾಲಿಗೆ ಇಟ್ಟರೆ ಆ ಪಟ್ಟಿ ತಂಬೂರಿ ತಂತಿಯ ಹಾಗೆ ಬಿಗಿಯುವುದು ಗೊತ್ತಾಗುತ್ತದೆ. ಗೊತ್ತಾಗದಿದ್ದರೆ ಇನ್ನೂ ಎಳೆಯಬೇಕು. ಹತ್ತು ಎಣಿಸಿ ಬಿಡುವುದು, ಹತ್ತು ಸಲ. ಆಮೇಲೆ ಚಪ್ಪಲಿ ಮಂಚದ ಪಕ್ಕದಲ್ಲೇ ಇರಬೇಕು, ಕಾಲು ಟೈಲ್ಸ್ ಮುಟ್ಟಲೇಬಾರದು. ಮೂರು ವಾರಕ್ಕೆ ಬೆಳಗಿನ ಮೊಳೆ ಮುಳ್ಳಾಯಿತು. ಎರಡನೆಯದು ಗೋಡೆ ತಳ್ಳುವುದು: ಹಿಂದಿನ ಕಾಲಿನ ಹಿಮ್ಮಡಿ ನೆಲ ಬಿಡದ ಹಾಗೆ ಮುಂದಕ್ಕೆ ವಾಲಿ ಮೀನಖಂಡ ಎಳೆಯುವುದು, 30 ಸೆಕೆಂಡ್, ಮಂಡಿ ನೇರ ಇಟ್ಟು ಮೂರು ಸಲ, ಸ್ವಲ್ಪ ಬಗ್ಗಿಸಿ ಮೂರು ಸಲ. ಇದನ್ನು ನಾನು ಕುಕ್ಕರ್ ಕೂಗುವವರೆಗೆ ಅಡುಗೆಮನೆಯಲ್ಲೇ ಮಾಡುತ್ತಿದ್ದೆ.

ಮೂರನೆಯದು ಒಂದು ತಿಂಗಳಾದ ಮೇಲೆ ಶುರುವಾಯಿತು. ಮೆಟ್ಟಿಲ ಅಂಚಿನಲ್ಲಿ ಮುಂಗಾಲು ಮಾತ್ರ ಇಟ್ಟು, ಬೆರಳುಗಳ ಕೆಳಗೆ ಟವೆಲ್ ಸುರುಳಿ ಸುತ್ತಿಟ್ಟು, ಒಂದೇ ಕಾಲಲ್ಲಿ ಹಿಮ್ಮಡಿ ಎತ್ತಬೇಕು. ಮೂರು ಎಣಿಸುತ್ತಾ ಮೇಲೆ, ಎರಡು ಎಣಿಸುವಷ್ಟು ಹೊತ್ತು ಅಲ್ಲೇ, ಮೂರು ಎಣಿಸುತ್ತಾ ಕೆಳಗೆ. ಹನ್ನೆರಡು ಸಲ, ಮೂರು ಸುತ್ತು, ದಿನ ಬಿಟ್ಟು ದಿನ. ಅಭ್ಯಾಸವಾದ ಮೇಲೆ ಬೆನ್ನಿಗೆ ಪುಸ್ತಕದ ಬ್ಯಾಗ್ ಹಾಕಿ ಭಾರ ಜಾಸ್ತಿ ಮಾಡುವುದು. 2014ರಲ್ಲಿ ಡೆನ್ಮಾರ್ಕ್‌ನವರು ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕ್ರಮ ಇದೆ ಅಂತ ಆ ಹುಡುಗಿ ಹೇಳಿದಳು, ಅದರಲ್ಲಿ ಬರೀ ಎಳೆತ ಮಾಡಿದವರಿಗಿಂತ ಇದನ್ನು ಮಾಡಿದವರು ಮೂರು ತಿಂಗಳ ಹೊತ್ತಿಗೆ ಚೆನ್ನಾಗಿದ್ದರಂತೆ, ವರ್ಷದ ಕೊನೆಗೆ ಮಾತ್ರ ಎರಡೂ ಗುಂಪು ಹೆಚ್ಚುಕಮ್ಮಿ ಸಮಾನ. ನನಗೆ ಮೂರು ತಿಂಗಳೇ ಮುಖ್ಯವಾಗಿತ್ತು. ಮನೆಯಲ್ಲಿ ಕಾಂಪೋಸಿಷನ್ ನೋಟ್‌ಬುಕ್‌ಗಳಿಗೇನು ಬರ! ನಲವತ್ತು ನೋಟ್‌ಬುಕ್ ಹೊತ್ತು, ಮಹಡಿ ಮೆಟ್ಟಿಲ ಮೇಲೆ ಕೊಕ್ಕರೆ ಥರ ಒಂಟಿ ಕಾಲಲ್ಲಿ ಏಳುತ್ತಾ ಇಳಿಯುತ್ತಾ ಇದ್ದವಳನ್ನು ಹಾಲಿನವನು ನೋಡಿ ಏನಂದುಕೊಂಡನೋ.

ಸಂಜೆ ಐಸ್ ಬಾಟಲಿ. ಅರ್ಧ ಲೀಟರ್ ನೀರಿನ ಬಾಟಲಿ ಫ್ರೀಜರ್‌ನಲ್ಲಿ ಇಟ್ಟು, ಗಟ್ಟಿಯಾದ ಮೇಲೆ ಟವೆಲ್ ಹಾಸಿ, ಕೂತು ಅಂಗಾಲಿನ ಕೆಳಗೆ ಹತ್ತು ನಿಮಿಷ ಉರುಳಿಸುವುದು. ಇದಕ್ಕೆ ಖರ್ಚಿಲ್ಲ, ಸಂಜೆಯ ಕುದಿತಕ್ಕೆ ತುಂಬಾ ಹಿತ. ಒಂದೇ ಕಿವಿಮಾತು: ಬಾಟಲಿಯ ಮೇಲೆ ಏನಾದರೂ ಗುರುತು ಹಾಕಿಡಿ. ಏಪ್ರಿಲ್ ಬಿಸಿಲಿನಲ್ಲಿ ಬಂದ ನನ್ನ ಮೈದುನ ಫ್ರೀಜರ್ ತೆಗೆದು, ಅರ್ಧ ಕರಗಿದ್ದ ಅದೇ ಬಾಟಲಿಯನ್ನು ಗಟಗಟ ಕುಡಿದು, "ಅತ್ತಿಗೆ, ಜೀವ ಬಂತು" ಅಂದರು. ಇವತ್ತಿಗೂ ಅವರಿಗೆ ಹೇಳಿಲ್ಲ.

ಶಾಲೆಯಲ್ಲಿ ಕುರ್ಚಿ ಕೇಳಿದ್ದು ಇನ್ನೊಂದು ಕಥೆ. ಕೂತು ಪಾಠ ಮಾಡಿದರೆ ಪೋಷಕರು ಏನಂತಾರೆ, ಕಾರಿಡಾರ್ ಕ್ಯಾಮೆರಾದಲ್ಲಿ ಕಾಣುತ್ತೆ ಅಂದರು. ಬಾಯಿಮಾತಿಗೆ ಬೆಲೆ ಇಲ್ಲ. ಡಾಕ್ಟರ್ ಲೆಟರ್‌ಹೆಡ್‌ನಲ್ಲಿ ಕಾಯಿಲೆಯ ಹೆಸರು, ಸತತವಾಗಿ 20 ನಿಮಿಷಕ್ಕಿಂತ ಜಾಸ್ತಿ ನಿಲ್ಲಬಾರದು, ಮೂರು ತಿಂಗಳು, ಅಂತ ಬರೆಸಿ, ಸೀಲ್ ಹಾಕಿಸಿ, ಜೆರಾಕ್ಸ್ ಇಟ್ಟುಕೊಂಡು ಕೊಟ್ಟೆ. ಎಂಟು ದಿನಕ್ಕೆ ಲ್ಯಾಬಿನಿಂದ ಒಂದು ಎತ್ತರದ ಸ್ಟೂಲ್ ಬಂತು. "ಎಷ್ಟು ದಿನ" ಅನ್ನುವುದನ್ನು ಪತ್ರದಲ್ಲಿ ಬರೆಸುವುದು ಮರೆಯಬೇಡಿ, ನಾನು ಅದಕ್ಕೇ ಎರಡನೇ ಸಲ ಕ್ಲಿನಿಕ್ಕಿಗೆ ಓಡಬೇಕಾಯಿತು.

ಇನ್ಶೂರೆನ್ಸ್ ಬಗ್ಗೆಯೂ ಹೇಳಿಬಿಡುತ್ತೇನೆ. ನಮ್ಮ ಮನೆಯವರ ಆಫೀಸ್ ಪಾಲಿಸಿಯಲ್ಲಿ ಓಪಿಡಿ ಖರ್ಚಿಗೆ, ಅಂದರೆ ಆಸ್ಪತ್ರೆಗೆ ಸೇರದೆ ತೋರಿಸಿಕೊಂಡು ಬರುವ ಖರ್ಚಿಗೆ, ಸ್ವಲ್ಪ ದುಡ್ಡು ಇದೆ ಅಂತ ಗೊತ್ತಾಗಿದ್ದೇ ಮೇ ತಿಂಗಳಲ್ಲಿ. ಎರಡನೇ ಡಾಕ್ಟರ್ ಫೀಸ್ ಮೂರು ಸಲದ್ದು 1,800, ಫಿಸಿಯೋ 4,500, ಒಟ್ಟು 6,300ಕ್ಕೆ ಹಾಕಿದೆವು. ಮೊದಲ ಸಲ ಪೂರ್ತಿ ವಾಪಸ್. ಕಾರಣ, ಚೀಟಿಯಲ್ಲಿ ಬರೀ "ಫಿಸಿಯೋ" ಅಂತ ಇತ್ತು, ಎಷ್ಟು ಸಿಟ್ಟಿಂಗ್ ಅಂತ ಇರಲಿಲ್ಲ, ಕಾಯಿಲೆಯ ಹೆಸರೂ ಇರಲಿಲ್ಲ. ಮತ್ತೆ ಬರೆಸಿಕೊಂಡು, ಫಿಸಿಯೋ ಕ್ಲಿನಿಕ್ಕಿನ ರಿಜಿಸ್ಟ್ರೇಷನ್ ನಂಬರ್, ಪ್ರತಿ ದಿನದ ತಾರೀಕು ಇರುವ ಬಿಲ್, ಯುಪಿಐ ಕಟ್ಟಿದ ಪುರಾವೆ ಎಲ್ಲ ಸೇರಿಸಿ ಹಾಕಿದ 23ನೇ ದಿನಕ್ಕೆ 5,850 ಬಂತು. ಕಳೆದ 450 ಯಾವುದು ಅಂದರೆ, ಒಂದು ಬಿಲ್ಲಿನಲ್ಲಿ ತಾರೀಕು ತಿದ್ದಿತ್ತು. ಚಪ್ಪಲಿ, ಶೂಗೆ ನಮ್ಮ ಪಾಲಿಸಿಯಲ್ಲಿ ದುಡ್ಡು ಇಲ್ಲ. ಒಟ್ಟು ಖರ್ಚು ಕೂಡಿಸಿದರೆ 17,650 ರೂ., ಅದರಲ್ಲಿ ಮೊದಲ ಆಸ್ಪತ್ರೆಯ ಫೀಸ್, ಎಕ್ಸ್‌ರೇ, ರಕ್ತಪರೀಕ್ಷೆ, ಮಾತ್ರೆಗೇ 3,750. ಇಷ್ಟು ಕೈಗೆ ಎಟುಕದವರಿಗೆ ಜಯನಗರದಲ್ಲಿ ಮೂಳೆ ಚಿಕಿತ್ಸೆಗೇ ಇರುವ ಸರ್ಕಾರಿ ಸಂಸ್ಥೆ, ಸಂಜಯ ಗಾಂಧಿ ಆಸ್ಪತ್ರೆ ಇದೆ. ನಮ್ಮ ಆಯಾ ತನ್ನ ಗಂಡನ ಕಾಲು ಮುರಿದಾಗ ಅಲ್ಲಿಗೇ ಹೋಗಿದ್ದಳು.

ಜುಲೈ ಹೊತ್ತಿಗೆ ನಾನು ಗೆದ್ದೆ ಅಂದುಕೊಂಡಿದ್ದೆ. ವ್ಯಾಯಾಮ ದಿನ ಬಿಟ್ಟು ದಿನ ಇದ್ದದ್ದು ವಾರಕ್ಕೊಂದು ಸಲ ಆಯಿತು. ಆಗಸ್ಟ್‌ನಲ್ಲಿ ವರಮಹಾಲಕ್ಷ್ಮಿ ಹಬ್ಬ ಬಂತು. ಹಿಂದಿನ ದಿನ ಹೂವಿಗೆ ಕೆ.ಆರ್. ಮಾರ್ಕೆಟ್‌ನಲ್ಲಿ ಎರಡು ಗಂಟೆ ತಳ್ಳಾಟ. ಹಬ್ಬದ ದಿನ ಬೆಳಿಗ್ಗೆ ನಾಲ್ಕಕ್ಕೆ ಎದ್ದು ಮಡಿಯಲ್ಲಿ ಬರಿಗಾಲು. ಒಬ್ಬಟ್ಟು, ಕೋಸಂಬರಿ, ಪೂಜೆ, ಸಂಜೆ ಅರಿಶಿನ ಕುಂಕುಮಕ್ಕೆ ಬಂದವರನ್ನು ಕಳಿಸಿದಾಗ ರಾತ್ರಿ ಒಂಬತ್ತೂವರೆ. ಮಾರನೇ ದಿನ ಬೆಳಿಗ್ಗೆ ಮೊಳೆ ವಾಪಸ್, ಜನವರಿಯದ್ದಕ್ಕಿಂತ ಉದ್ದ. ಮಂಚದ ಮೇಲೆ ಕೂತು ನಿಜವಾಗಿ ಅತ್ತುಬಿಟ್ಟೆ. ಏಳು ತಿಂಗಳು ನೀರಿನಲ್ಲಿ ಹೋಮ ಮಾಡಿದ ಹಾಗಾಯಿತಲ್ಲ ಅಂತ.

ಆ ವಾರ ನಾನು ಇಂಜೆಕ್ಷನ್‌ಗೆ ತಯಾರಾಗಿ ಹೋದೆ. ಒಂದು ಸೆಂಟರ್‌ನಲ್ಲಿ ಶಾಕ್‌ವೇವ್ ಅನ್ನುವ, ನೋವಿನ ಜಾಗಕ್ಕೆ ಮಷಿನ್‌ನಿಂದ ಧ್ವನಿ ಅಲೆ ಹೊಡೆಯುವ ಚಿಕಿತ್ಸೆಗೂ ವಿಚಾರಿಸಿದ್ದೆ, ಒಂದು ಸಲಕ್ಕೆ 2,000, ಐದು ಸಲ ಪ್ಯಾಕೇಜ್ ತಗೊಳ್ಳಿ ಅಂದಿದ್ದರು. ಡಾಕ್ಟರ್ ಎರಡಕ್ಕೂ ಬೇಡ ಅನ್ನಲಿಲ್ಲ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲವು ವಾರ ಚೆನ್ನಾಗಿ ನೋವು ಇಳಿಸುತ್ತದೆ, ಆದರೆ ಮತ್ತೆ ಮತ್ತೆ ಕೊಟ್ಟರೆ ಹಿಮ್ಮಡಿಯ ಕೊಬ್ಬಿನ ದಿಂಬು ತೆಳ್ಳಗಾಗಬಹುದು, ಆ ಪಟ್ಟಿಯೇ ಹರಿಯಬಹುದು, ಶುಗರ್ ಇದ್ದವರಿಗೆ ಶುಗರ್ ಏರುತ್ತದೆ ಅಂದರು. ಶಾಕ್‌ವೇವ್ ತಿಂಗಳುಗಟ್ಟಲೆ ಬಗ್ಗದ ನೋವಿಗೆ ಇರುವುದು. "ನಿಮ್ಮದು ಬಗ್ಗಿತ್ತು. ಹಬ್ಬ ಮಾಡಿದಿರಿ, ಕೆರಳಿದೆ. ಎರಡು ವಾರ ಮೊದಲಿನಿಂದ ಮಾಡಿ ನೋಡಿ, ಆಮೇಲೆ ಸೂಜಿ." ಗೊಣಗುತ್ತಾ ಬಂದೆ. ಎಳೆತ, ಐಸ್, ಚಪ್ಪಲಿ, ಮತ್ತೆ ಅ ಆ ಇ ಈ. ಹದಿನೆಂಟನೇ ದಿನಕ್ಕೆ ಜುಲೈ ಸ್ಥಿತಿಗೆ ಬಂದೆ. ತೂಕವೂ ಅಷ್ಟರಲ್ಲಿ 70ಕ್ಕೆ ಇಳಿದಿತ್ತು, ರಾತ್ರಿ ಅನ್ನ ಅರ್ಧ ಮಾಡಿದ್ದರಿಂದ. ಅದು ಎಷ್ಟು ಸಹಾಯ ಮಾಡಿತು ಅಂತ ಬೇರೆ ಮಾಡಿ ಹೇಳಲು ನನಗೆ ಆಗುವುದಿಲ್ಲ, ಎರಡು ಮಹಡಿ ಹತ್ತುವಾಗ ಮಾತ್ರ ಗೊತ್ತಾಗುತ್ತದೆ.

ನನ್ನ ಕಥೆ ಓದಿ ಎಲ್ಲರೂ ಮನೆಯಲ್ಲೇ ಎಳೆಯುತ್ತಾ ಕೂರಬೇಡಿ. ಬಿದ್ದ ಮೇಲೆ ಶುರುವಾದ ನೋವು, ರಾತ್ರಿ ಮಲಗಿದ್ದಾಗಲೂ ಬಿಡದ ನೋವು, ಊತ ಅಥವಾ ಕೆಂಪು, ಜ್ವರ, ಮರಗಟ್ಟುವುದು ಅಥವಾ ಉರಿ, ಚಿಕ್ಕ ವಯಸ್ಸಿನಲ್ಲಿ ಎರಡೂ ಹಿಮ್ಮಡಿ ಜೊತೆ ಬೆಳಿಗ್ಗೆ ಸೊಂಟ ಬಿಗಿತ, ಇವೆಲ್ಲ ಬೇರೆ ಲೆಕ್ಕ, ಬೇಗ ತೋರಿಸಿ. ಶುಗರ್ ಇದ್ದವರಂತೂ ಪಾದದ ವಿಷಯದಲ್ಲಿ ಒಂದು ದಿನವೂ ತಡ ಮಾಡಬಾರದು. ನೋವು ಹಿಮ್ಮಡಿಯ ಕೆಳಗಲ್ಲದೆ ಹಿಂಭಾಗದಲ್ಲಿದ್ದರೆ ಅದು ಮೀನಖಂಡವನ್ನು ಹಿಮ್ಮಡಿಗೆ ಕಟ್ಟುವ ಸ್ನಾಯುರಜ್ಜುವಿನ ತೊಂದರೆ ಇರಬಹುದು, ನನ್ನ ಮೆಟ್ಟಿಲ ವ್ಯಾಯಾಮ ನೋಡಿ ನಕಲು ಮಾಡಬೇಡಿ.

ಆ ವರ್ಷ ಕಡೆಯ ಕಾರ್ತಿಕ ಸೋಮವಾರ ಬಸವನಗುಡಿ ಕಡಲೆಕಾಯಿ ಪರಿಷೆಗೆ ಹೋದೆವು. ಅತ್ತೆಗೆ ಅದು ತಪ್ಪಬಾರದು. ಬುಲ್ ಟೆಂಪಲ್ ರೋಡಿನಲ್ಲಿ ಮೂರು ಗಂಟೆ, ಜನರ ಮಧ್ಯೆ ಅರ್ಧರ್ಧ ಹೆಜ್ಜೆ. ದೊಡ್ಡ ಬಸವಣ್ಣನ ಹತ್ತಿರ ಚಪ್ಪಲಿ ಬಿಟ್ಟು ಮೆಟ್ಟಿಲು ಹತ್ತುವಾಗ ಅತ್ತೆ ನನ್ನ ಕಾಲು ನೋಡಿ, "ಬ್ಯಾಗಲ್ಲಿ ದಪ್ಪ ಕಾಲುಚೀಲ ಇದೆ, ಹಾಕ್ಕೋ. ಬಸವಣ್ಣ ಏನೂ ಅನ್ನಲ್ಲ," ಅಂದರು. ಯಾವಾಗ ಇಟ್ಟುಕೊಂಡಿದ್ದರೋ.

ಮಾರನೇ ದಿನ ಬೆಳಿಗ್ಗೆ ಮಂಚದಲ್ಲೇ ಬೆರಳು ಎಳೆದೆ, ಹತ್ತು ಸಲ ಎಣಿಸಿದೆ. ಕಾಲು ಇಳಿಸಿ ಚಪ್ಪಲಿ ಹುಡುಕಿದರೆ ಸಿಗಲಿಲ್ಲ, ರಾತ್ರಿ ಸುಸ್ತಿನಲ್ಲಿ ಎಲ್ಲೋ ಬಿಟ್ಟಿದ್ದೆ. ಹಾಲಿನವನು ಬೆಲ್ ಒತ್ತಿದ. ಬರಿಗಾಲಲ್ಲೇ ಎದ್ದು ಹೋದೆ. ಬಾಗಿಲ ಹತ್ತಿರ ಹೋಗಿ ಪ್ಯಾಕೆಟ್ ಕೈಗೆ ಬಂದ ಮೇಲೆ ನೆನಪಾಯಿತು, ಹನ್ನೆರಡು ಹೆಜ್ಜೆ ನಡೆದಿದ್ದೇನೆ ಅಂತ. ಹಿಮ್ಮಡಿ ಸ್ವಲ್ಪ ಬಿಗಿದಿತ್ತು, ಅಷ್ಟೇ. ಚಪ್ಪಲಿ ಸಿಕ್ಕಿದ್ದು ಆಮೇಲೆ, ಸೋಫಾ ಕೆಳಗೆ, ಕಡಲೆಕಾಯಿ ಸಿಪ್ಪೆಯ ಜೊತೆ.